ಹೊರೆ ಹೆಚ್ಚಾಗಿದೆ

ಹಡಗು ಬಾಯಿ ತೆರೆದು ಹದಿನಾಲ್ಕು ಕಾರು,
ಯೋಸ್ತೈನನ ಮೀನಿನ ಲಾರಿ, ಒಂದು ಶಾಲೆಬಸ್ಸು ನುಂಗುತ್ತದೆ.
ಕೈಬೀಸಿ ಸಾಲು ಹಿಡಿಸುವುದು ನನ್ನ ಕೆಲಸ.
ಆಮೇಲೆ ಇಪ್ಪತ್ತೆರಡು ನಿಮಿಷ.
ಫ್ಯೋರ್ಡಿನ ಆಚೆ ದಡ ಕಾಣುತ್ತಲೇ ಇರುತ್ತದೆ,
ಬರುವುದಿಲ್ಲ.

ಆ ಇಪ್ಪತ್ತೆರಡು ನಿಮಿಷ ನಾನು ನಾರ್ವೆಯಲ್ಲಿರುವುದಿಲ್ಲ.
ಎಂಜಿನ್ ಕೋಣೆಯ ಮೇಲಿನ ಬೆಚ್ಚನೆ ಬೆಂಚಿನಲ್ಲಿ ಕೂತು
ಕೈಗವಸನ್ನು ಹಲ್ಲಿನಿಂದ ಎಳೆದು
ಅಂಗೈಯಗಲದ ಪರದೆಯಲ್ಲಿ ರಾಜ್ಯವೊಂದನ್ನು ತೆರೆಯುತ್ತೇನೆ.
ಅಲ್ಲಿ ನಾನು ಅರ್ಧ ಮಾಟಗಾತಿ, ಪೂರ್ತಿ ಕಳ್ಳಿ.
ನಕ್ಷೆಯ ಮೇಲೆ ಬೆರಳಿಟ್ಟರೆ ಸಾಕು,
ಉತ್ತರದ ಕೋಟೆಯಿಂದ ದಕ್ಷಿಣದ ಬಂದರು
ರೆಪ್ಪೆ ಬಡಿಯುವುದರೊಳಗೆ.
ಪರದೆ ಒಮ್ಮೆ ಕಪ್ಪಾಗುತ್ತದೆ, ಅಷ್ಟೇ.
ಆ ಕಪ್ಪಿನೊಳಗೆ ಏನೇನು ಹೋಯಿತೆಂದು
ಯಾರು ಲೆಕ್ಕ ಇಡುತ್ತಾರೆ?
ಮೂರು ಬೆಟ್ಟ, ಒಂದು ಮಳೆ, ಸಂಜೆ ಪೂರಾ.
ಹೊರಟಾಗ ಕೋಟೆಯಲ್ಲಿ ಕೋಳಿ ಕೂಗುತ್ತಿತ್ತು,
ಇಳಿದಾಗ ಬಂದರಿನಲ್ಲಿ ದೀಪ ಹಚ್ಚಿದ್ದರು.

ಬರುವ ವಸಂತಕ್ಕೆ ಇಲ್ಲಿಯೂ ಸುರಂಗ ತೆರೆಯುತ್ತದಂತೆ.
ನೀರಿನಡಿ, ಬಂಡೆಯೊಳಗೆ, ಏಳು ನಿಮಿಷ.
ಊರಿಗೆ ಖುಷಿ. ನನಗೂ ಖುಷಿಯೇ, ಸುಳ್ಳೇಕೆ ಹೇಳಲಿ.
ಬಿರುಗಾಳಿಯ ರಾತ್ರಿ ಹಡಗು ಹೊರಡದೆ
ನನ್ನಕ್ಕ ಹೆತ್ತದ್ದು ಈ ದಡದ ಟಿಕೆಟ್ ಕೋಣೆಯಲ್ಲಿ,
ಉಪ್ಪಿನ ಚೀಲಗಳ ಮಧ್ಯೆ.

ಮೊನ್ನೆ ನಡೆದದ್ದು ಇಷ್ಟೇ.
ಗುಹೆಯೊಂದನ್ನು ದೋಚಿ ಹೊರಬಂದೆ:
ಏಳು ಶಿರಸ್ತ್ರಾಣ, ನಲವತ್ತೊಂದು ದೀಪದ ಕಂಬ,
ಯಾರದೋ ಬೆಳ್ಳಿ ಬಾಚಣಿಗೆ,
ಯಾಕೆ ಎತ್ತಿಕೊಂಡೆನೋ ತಿಳಿಯದ ಒಂದು ಪೊರಕೆ.
ನಕ್ಷೆ ಬಿಚ್ಚಿ ಬೆರಳಿಟ್ಟೆ.
‘ಹೊರೆ ಹೆಚ್ಚಾಗಿದೆ. ಈಗ ಹಾರಲಾಗದು.’

ಪೊರಕೆಯೊಂದನ್ನು ಬಿಸಾಕಿದ್ದರೆ ಸಾಕಿತ್ತು.
ಬಿಸಾಕಲಿಲ್ಲ. ನಮ್ಮ ಮನೆಯಲ್ಲಿ
ಮುರಿದ ಸ್ಕೀ ಕೂಡ ಯಾರೂ ಬಿಸಾಕುವುದಿಲ್ಲ.
ನಡೆದೆ, ತುಂಬು ಬಸುರಿಯ ಹಾಗೆ, ಹೆಜ್ಜೆಗೊಮ್ಮೆ ನಿಂತು.
ಎರಡು ವರ್ಷ ತಲೆಯ ಮೇಲಿಂದ ಹಾರಿಹೋದ ದಾರಿ.
ಅದರ ಬದಿಯಲ್ಲಿ ಯಾರೋ ಒಂದು ಗೋರಿ ಕಟ್ಟಿದ್ದಾರೆ,
ಮೇಲೆ ಒಂದೇ ಒಂದು ಮಗುವಿನ ಚಪ್ಪಲಿ.
ಅದಕ್ಕೆ ಕಥೆಯಿಲ್ಲ, ನಿಧಿಯಿಲ್ಲ, ಒತ್ತಲು ಗುಂಡಿಯಿಲ್ಲ.
ಯಾವುದೋ ಆಫೀಸಿನಲ್ಲಿ ಯಾರೋ ಒಬ್ಬರು ಕೂತು
ಆ ಚಪ್ಪಲಿಗೆ ಒಂದು ದಿನ ಕೊಟ್ಟಿರಬೇಕು.

ಆಮೇಲೆ ಹೊಳೆ. ಹೊಳೆಯಲ್ಲಿ ದೋಣಿ. ದೋಣಿಯಲ್ಲಿ ಅವನು.
ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತಾರೆ;
ನಾನು ಹೊಳೆಯನ್ನೇ ಮುಟ್ಟದೆ
ಅವನನ್ನು ಮರೆತಿದ್ದೆ.

ಒಂದು ನಾಣ್ಯ ಕೊಟ್ಟೆ. ಹೊರೆಯ ಕಡೆ ನೋಡಲೂ ಇಲ್ಲ.
ಅವನ ಬಳಿ ಇರುವುದು ಮೂರೇ ಮಾತು:
ನೀರು ಇವತ್ತು ತಣ್ಣಗಿದೆ.
ಆ ಕಡೆ ಏನು ಕೆಲಸ?
ಹುಷಾರು, ಜಾರುತ್ತದೆ.
ಮುಗಿದರೆ ಮತ್ತೆ ಮೊದಲಿನಿಂದ.
ನಗು ಬಂತು. ನನ್ನ ಹತ್ತಿರ ಇರುವುದೂ ಅಷ್ಟೇ:
ಗೇರಿನಲ್ಲಿಡಿ. ಬ್ರೇಕ್ ಎಳೆಯಿರಿ.
ಮೇಲೆ ಸ್ವೇಲೆ ಸುಡುತ್ತಿದ್ದಾರೆ, ಬಿಸಿ ಇದೆ.
ದಿನಕ್ಕೆ ಹದಿನೆಂಟು ಸಲ, ಹನ್ನೊಂದು ವರ್ಷ.
ನನ್ನನ್ನೂ ಯಾರೋ ಬೇಗ ಬರೆದು ಮುಗಿಸಿರಬೇಕು.

ಅವನ ಹುಟ್ಟು ನೀರಿಗೆ ಬೀಳುತ್ತಿತ್ತು, ಏಳುತ್ತಿತ್ತು.
ದಾಟಿಸಿ ಬಿಡುವ ಗುಂಡಿ ಹುಡುಕಿದೆ, ಇರಲಿಲ್ಲ.
ಆಮೇಲೆ ಹುಡುಕುವುದನ್ನು ಬಿಟ್ಟೆ.
ನಡು ಹೊಳೆಯಲ್ಲಿ ಬಾತುಕೋಳಿಯೊಂದು ನಮಗೆ ದಾರಿ ಬಿಟ್ಟಿತು.

‘ತೂರುನ್! ದಡ!’ ಮೇಲಿಂದ ಒಡ್ವಾರ್ ಕೂಗಿದ.
ಪರದೆಯನ್ನು ಹಾಗೇ ಜೇಬಿಗೆ ತುರುಕಿ ಓಡಿದೆ.
ಸರಪಳಿ ಬಿಚ್ಚಿದೆ, ಕೈಬೀಸಿದೆ.
ಕೊನೆಯಲ್ಲಿ ಯೋಸ್ತೈನ್, ಕೆನ್ನೆಯ ಮೇಲೆ ಸೀಟಿನ ಗೆರೆ,
ಗಾಜು ಇಳಿಸಿ ಕೇಳಿದ:
‘ಸುರಂಗ ಬಂದರೆ ನಾನು ಎಲ್ಲಿ ಮಲಗಲಿ, ಹೇಳು?’

ಉತ್ತರ ಹೊಳೆಯಲಿಲ್ಲ.
‘ಹುಷಾರು, ಜಾರುತ್ತದೆ’ ಅಂದೆ.
ಅವನು ಹೋದ.
ಜೇಬಿನೊಳಗೆ ದೋಣಿ ನಡು ಹೊಳೆಯಲ್ಲೇ ನಿಂತಿತ್ತು,
ಪೊರಕೆ ಸಮೇತ.